ಚಿಟಿಕೆ ಬೆರಕೆಯ ಮಾತು ಕೇಳುವ ಅಣುಗಳು

ಹುಕ್ಕೇರಿ ತಾಲ್ಲೂಕಿನ ಯಾವ ಹಳ್ಳಿಗೆ ಹೋದರೂ ಮನೆಯ ಹೊರಗೋಡೆಯ ಮೇಲೆ ಕರೆಂಟ್ ಮೀಟರ್ ಕಾಣುತ್ತದೆ. ಗರಗರ ತಿರುಗುತ್ತಿದ್ದ ತಗಡಿನ ಬಿಲ್ಲೆಯ ಹಳೆಯ ಮೀಟರ್ ಹೋಗಿ, ಈಗ ಬೂದು ಬಣ್ಣದ ಪುಟ್ಟ ಕಿಟಕಿಯ ಮೀಟರ್ ಬಂದಿದೆ. ಆ ಕಿಟಕಿಯಲ್ಲಿ ಕಪ್ಪು ಅಂಕಿಗಳು ಮೂಡುತ್ತವೆ, ಕೆಲವು ಸೆಕೆಂಡು ನಿಲ್ಲುತ್ತವೆ, ಬೇರೊಂದು ಲೆಕ್ಕಕ್ಕೆ ಜಾಗ ಬಿಟ್ಟುಕೊಡುತ್ತವೆ. ಈ ತಾಲ್ಲೂಕಿನ ಹಳ್ಳಿಗಳಿಗೆ ಕರೆಂಟ್ ಕೊಡುವುದು ರೈತರೇ ಸದಸ್ಯರಾಗಿರುವ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. 1969ರಲ್ಲಿ ಹುಟ್ಟಿದ ಈ ಸಂಘ, ದೇಶದಲ್ಲಿ ಪ್ರಾಯೋಗಿಕವಾಗಿ ಮೊದಲು ಆರಂಭಿಸಿದ ಐದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳಲ್ಲಿ ಒಂದು. ಕರ್ನಾಟಕದಲ್ಲಿ ಅಂಥದ್ದು ಅದೊಂದೇ.

ಪಕ್ಕದ ಗೋಕಾಕದ ಅಡತಿ ಅಂಗಡಿಯಲ್ಲಿ ಗುಮಾಸ್ತರ ಕೈಯ ಕ್ಯಾಲ್ಕ್ಯುಲೇಟರಿನಲ್ಲೂ ಅದೇ ಕಪ್ಪು ಅಂಕಿ. ಮೂಡಲಗಿ ಕಡೆಯ ಹಳ್ಳಿಯ ಹಾಲಿನ ಡೇರಿಯಲ್ಲಿ ಬೆಳಿಗ್ಗೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರು ಕಣ್ಣು ನೆಟ್ಟು ನೋಡುವ, ಫ್ಯಾಟ್ ಎಷ್ಟು ಬಂತೆಂದು ತೋರಿಸುವ ಪುಟ್ಟ ಪರದೆಯಲ್ಲೂ ಅದೇ ವಸ್ತು. ಅದರ ಹೆಸರು ದ್ರವ ಹರಳು. ಇಂಗ್ಲಿಷಿನ ಲಿಕ್ವಿಡ್ ಕ್ರಿಸ್ಟಲ್. ಎಲ್‌ಸಿಡಿ ಎಂಬ ಮೂರಕ್ಷರದ ಮೊದಲೆರಡು ಅಕ್ಷರಗಳು ಅದರವು.

ಮೀಟರಿನ ಆ ಕಿಟಕಿಯೊಳಗೆ ಎರಡು ಗಾಜುಗಳಿವೆ. ಅವುಗಳ ನಡುವಿನ ಅಂತರ ಸುಮಾರು 5 ಮೈಕ್ರೋಮೀಟರ್, ಅಂದರೆ ನಮ್ಮ ತಲೆಗೂದಲಿನ ದಪ್ಪದ ಹತ್ತರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಆ ಸಂದಿಯಲ್ಲಿ ದ್ರವ ಹರಳು ತುಂಬಿದೆ. ಅದರ ಒಂದು ಅಣುವಿನ ಉದ್ದ ಸುಮಾರು 2 ನ್ಯಾನೋಮೀಟರ್. ಲೆಕ್ಕ ಹಾಕಿದರೆ ಒಂದು ಗಾಜಿನಿಂದ ಇನ್ನೊಂದು ಗಾಜಿನವರೆಗೆ ಎರಡೂವರೆ ಸಾವಿರ ಅಣುಗಳನ್ನು ತುದಿಗೆ ತುದಿ ಹಚ್ಚಿ ನಿಲ್ಲಿಸಬಹುದು. ಇಷ್ಟು ಅಣುಗಳು ಯಾವ ದಿಕ್ಕಿಗೆ ಮುಖ ಮಾಡಬೇಕೆಂಬುದನ್ನು ತೀರ್ಮಾನಿಸುವುದು ಗಾಜಿಗೆ ಅಂಟಿಕೊಂಡ ಒಂದೇ ಒಂದು ಅಣುವಿನಷ್ಟು ದಪ್ಪದ ಪದರ. ಆ ಪದರವನ್ನು ಬದಲಿಸಲು ನೂರಕ್ಕೆ ಒಂದು ಪಾಲಿಗಿಂತ ಕಡಿಮೆ ಬೆರಕೆ ಸಾಕು. ಕಳೆದ ಐವತ್ತು ವರ್ಷಗಳ ಪರದೆ ತಂತ್ರಜ್ಞಾನದ ಬಹುದೊಡ್ಡ ಭಾಗ ಈ ಒಂದು ಸಂಗತಿಯ ಮೇಲೆ ನಿಂತಿದೆ. ಅದರಲ್ಲಿ ನಮ್ಮ ಬೆಂಗಳೂರಿನ ಪಾಲೂ ಇದೆ. ನಮ್ಮ ಕಾಲೇಜುಗಳ ವಿಜ್ಞಾನ ವಿದ್ಯಾರ್ಥಿಗಳಿಗೆ ಈ ಕತೆ ಯಾರೂ ಸರಿಯಾಗಿ ಹೇಳಿಲ್ಲವೆಂಬ ಕೊರಗಿನಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮಲಗಿದ ಅಣು, ನಿಂತ ಅಣು

ಸುಗ್ಗಿಯಲ್ಲಿ ಗೋಕಾಕ–ಮೂಡಲಗಿ ರಸ್ತೆಯಲ್ಲಿ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳನ್ನು ನೋಡದವರಿಲ್ಲ. ಟ್ರೇಲರಿನಲ್ಲಿ ಕಬ್ಬಿನ ಗಳಗಳೆಲ್ಲ ಒಂದೇ ದಿಕ್ಕಿಗೆ ಮಲಗಿರುತ್ತವೆ. ಆದರೆ ಒಂದರ ತುದಿ ಇನ್ನೊಂದರ ತುದಿಗೆ ಸರಿಸಮ ಇರುವುದಿಲ್ಲ, ಒಂದು ಮುಂದೆ ಒಂದು ಹಿಂದೆ. ದ್ರವ ಹರಳಿನ ಸರಳ ರೂಪದಲ್ಲಿ ಅಣುಗಳಿರುವುದು ಹೀಗೆ. ಇದಕ್ಕೆ ನೆಮ್ಯಾಟಿಕ್ ಸ್ಥಿತಿ ಎನ್ನುತ್ತಾರೆ. ಕಬ್ಬಿಗೂ ಅಣುವಿಗೂ ಒಂದು ದೊಡ್ಡ ವ್ಯತ್ಯಾಸ: ಅಣುಗಳು ಒಂದರ ಪಕ್ಕ ಒಂದು ಸದಾ ಜಾರುತ್ತ, ಹರಿಯುತ್ತ ಇರುತ್ತವೆ. ಹರಿಯುವುದರಿಂದ ದ್ರವ. ದಿಕ್ಕಿನ ಶಿಸ್ತು ಬಿಡದಿರುವುದರಿಂದ ಹರಳು.

ಈ ವಿಚಿತ್ರ ಸ್ಥಿತಿಯನ್ನು ಮೊದಲು ಕಂಡವರು ಸಸ್ಯಶಾಸ್ತ್ರಜ್ಞ ಫ್ರೆಡ್ರಿಕ್ ರೈನಿಟ್ಜರ್. 1888ರಲ್ಲಿ ಪ್ರಾಗ್ ನಗರದಲ್ಲಿ ಅವರು ಕೊಲೆಸ್ಟರಾಲಿನಿಂದ ಮಾಡಿದ ಒಂದು ವಸ್ತುವನ್ನು ಕಾಯಿಸುತ್ತಿದ್ದರು. ಅದು 145.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಮಬ್ಬು ದ್ರವವಾಯಿತು. 178.5 ಡಿಗ್ರಿಗೆ ಆ ಮಬ್ಬು ಹರಿದು ತಿಳಿಯಾಯಿತು. ಒಂದೇ ವಸ್ತುವಿಗೆ ಎರಡು ಸಲ ಕರಗುವ ಹಂತ! ಅವರು ಅದನ್ನು ಜರ್ಮನಿಯ ಭೌತವಿಜ್ಞಾನಿ ಆಟೋ ಲೆಹ್ಮನ್ ಅವರಿಗೆ ಕಳಿಸಿದರು. ಲೆಹ್ಮನ್ ಸೂಕ್ಷ್ಮದರ್ಶಕದಡಿ ಇಟ್ಟು, ಆ ಮಬ್ಬಿನಲ್ಲಿ ಹರಳಿನ ಗುಣವಿದೆಯೆಂದು ತೋರಿಸಿದರು.

ಅಣುಗಳೆಲ್ಲ ಒಂದೇ ದಿಕ್ಕಿಗೆ ಇರಬೇಕು, ಸರಿ. ಯಾವ ದಿಕ್ಕಿಗೆ? ದ್ರವವನ್ನು ಅದರಷ್ಟಕ್ಕೆ ಬಿಟ್ಟರೆ ಅದಕ್ಕೆ ಇಂಥದ್ದೇ ದಿಕ್ಕು ಬೇಕೆಂಬ ಹಟವಿಲ್ಲ. ಇಲ್ಲೊಂದು ಗುಂಪು ಪೂರ್ವಕ್ಕೆ, ಅಲ್ಲೊಂದು ಗುಂಪು ಉತ್ತರಕ್ಕೆ ತಿರುಗಿಕೊಂಡಿರುತ್ತವೆ. ಅದಕ್ಕೇ ಅದು ಮಬ್ಬಾಗಿ ಕಾಣುವುದು. ದಿಕ್ಕನ್ನು ಕೊಡುವುದು ಗೋಡೆ, ಅಂದರೆ ಗಾಜಿನ ಮೇಲ್ಮೈ. ಗಾಜಿಗೆ ತಾಗಿದ ಮೊದಲ ಸಾಲಿನ ಅಣುಗಳು ಹೇಗಿವೆಯೋ, ಎರಡನೆಯ ಸಾಲು ಹಾಗೇ ನಿಲ್ಲಲು ನೋಡುತ್ತದೆ. ಮೂರನೆಯದು ಎರಡನೆಯದನ್ನು ನೋಡಿಕೊಳ್ಳುತ್ತದೆ. ಹೀಗೆ ಸಾವಿರಾರು ಸಾಲುಗಳವರೆಗೆ ಒಂದೇ ಆದೇಶ ಸಾಗುತ್ತದೆ. ನೀರು, ಎಣ್ಣೆಯಂಥ ಸಾಮಾನ್ಯ ದ್ರವಗಳಲ್ಲಿ ಗೋಡೆಯ ಪ್ರಭಾವ ಕೆಲವೇ ಅಣುಗಳ ದೂರಕ್ಕೆ ಮುಗಿದುಹೋಗುತ್ತದೆ. ದ್ರವ ಹರಳಿನಲ್ಲಿ ಅದು ಕಣ್ಣಿಗೆ ಕಾಣುವಷ್ಟು ದೂರ ಹೋಗುತ್ತದೆ.

ಗೋಡೆಯ ಬಳಿ ಅಣುಗಳಿಗೆ ಮುಖ್ಯವಾಗಿ ಎರಡು ಭಂಗಿ. ಗಾಜಿನ ಮೇಲೆ ಅಡ್ಡಲಾಗಿ ಮಲಗುವುದು ಒಂದು, ಗಾಜಿಗೆ ಲಂಬವಾಗಿ ಎದ್ದು ನಿಲ್ಲುವುದು ಇನ್ನೊಂದು. ಮಲಗಿಸುವ ಉಪಾಯ ಹಳೆಯದು. ಫ್ರಾನ್ಸಿನ ಶಾರ್ಲ್ ಮೋಗ್ಯಾಂ 1911ರಲ್ಲೇ ಉಜ್ಜಿದ ಗಾಜುಗಳ ನಡುವೆ ದ್ರವ ಹರಳನ್ನು ತಿರುಚಿ ನಿಲ್ಲಿಸಿದ್ದರು. ಇಂದಿನ ಕಾರ್ಖಾನೆಯಲ್ಲಿ ಗಾಜಿಗೆ ಮೊದಲು ಪಾಲಿಇಮೈಡ್ ಎಂಬ ಪಾಲಿಮರಿನ ತೆಳು ಲೇಪ ಕೊಟ್ಟು, ಬೇಯಿಸಿ, ಆಮೇಲೆ ಮಖಮಲ್ಲು ಸುತ್ತಿದ ಉರುಳೆಯಿಂದ ಒಂದೇ ದಿಕ್ಕಿಗೆ ಉಜ್ಜುತ್ತಾರೆ. ಮಖಮಲ್ಲು ರೇಯಾನಿನದಿರಬಹುದು, ಹತ್ತಿಯದೂ ಇರಬಹುದು. ಗೋಕಾಕ ಫಾಲ್ಸ್‌ನ ಗಿರಣಿಯಲ್ಲಿ ತಲೆಮಾರುಗಳಿಂದ ನೂಲು ತೆಗೆದ ಮನೆತನಗಳಿಗೆ ಎಳೆಯ ಜುಂಗು ಯಾವ ಕಡೆ ಬಾಗಿದೆ ಎಂಬುದರ ಬೆಲೆ ಗೊತ್ತು. ಈ ಕೆಲಸದಲ್ಲೂ ಅದೇ ಮುಖ್ಯ. ಉಜ್ಜಿದಾಗ ಆಗುವ ಸೂಕ್ಷ್ಮ ಗೀರುಗಳಿಂದ ಅಣುಗಳು ಸಾಲು ಹಿಡಿಯುತ್ತವೆ ಎಂದು ಅಮೆರಿಕದ ಬೆಲ್ ಪ್ರಯೋಗಾಲಯದ ಬೆರ್ರಿಮನ್ 1972ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಗೀರುಗಳಷ್ಟೇ ಕಾರಣವಲ್ಲ, ಉಜ್ಜಿದ ದಿಕ್ಕಿಗೆ ಪಾಲಿಮರಿನ ಸರಪಣಿಗಳೇ ಎಳೆದು ನೆಟ್ಟಗಾಗುತ್ತವೆ, ಅವು ದ್ರವ ಹರಳಿನ ಅಣುಗಳನ್ನು ತಮ್ಮ ದಿಕ್ಕಿಗೆ ಮಲಗಿಸುತ್ತವೆ ಎಂಬುದು ಮುಂದೆ ಖಚಿತವಾಯಿತು.

ನಿಲ್ಲಿಸುವುದು ಹೇಗೆ? ಇಲ್ಲಿಂದಲೇ ಬೆರಕೆಯ ಕತೆ ಶುರು.

ಸೋಯಾಬೀನಿನಿಂದ ಬಂದ ಜಿಗುಟು

ಮುಂಗಾರಿನಲ್ಲಿ ಹುಕ್ಕೇರಿ, ಸಂಕೇಶ್ವರದ ಕಡೆ ಹೊಲಗಳಲ್ಲಿ ಸೋಯಾಬೀನ್ ಹಸಿರಾಗಿ ನಿಂತಿರುತ್ತದೆ. ಬೆಳಗಾವಿ ಜಿಲ್ಲೆ ರಾಜ್ಯದಲ್ಲಿ ಸೋಯಾ ಬೆಳೆಯುವ ಮುಖ್ಯ ಜಿಲ್ಲೆಗಳಲ್ಲಿ ಒಂದು. ಕಾಳು ಗಿರಣಿಗೆ ಹೋಗಿ ಎಣ್ಣೆಯಾಗುತ್ತದೆ. ಆಗ ತೆಗೆದ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ ಒಂದರಿಂದ ಮೂರು ಪಾಲು ಫಾಸ್ಫೋಲಿಪಿಡ್ ಎಂಬ ಜಿಗುಟು ಪದಾರ್ಥ ಇರುತ್ತದೆ. ಅದನ್ನು ಹಾಗೇ ಬಿಟ್ಟರೆ ಎಣ್ಣೆ ಕೆಳಗೆ ಗಸಿ ಕಟ್ಟುತ್ತದೆ. ಹಾಗಾಗಿ ಬಿಸಿ ಎಣ್ಣೆಗೆ ಸ್ವಲ್ಪ ನೀರು ಸೇರಿಸಿ ಕಲಕುತ್ತಾರೆ. ಜಿಗುಟು ನೀರು ಕುಡಿದು ಉಬ್ಬಿ ಬೇರ್ಪಡುತ್ತದೆ. ಅದನ್ನು ತೆಗೆದು ಒಣಗಿಸಿದರೆ ಬರುವುದೇ ಲೆಸಿಥಿನ್. ಅಂಗಡಿಯ ಚಾಕೊಲೇಟ್ ಅಥವಾ ಬಿಸ್ಕತ್ತಿನ ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಎಮಲ್ಸಿಫೈಯರ್ 322 ಎಂದು ಬರೆದಿದ್ದರೆ ಅದು ಇದೇ. ಮೊಟ್ಟೆಯ ಹಳದಿಯಲ್ಲೂ ಇದು ಧಾರಾಳವಾಗಿ ಇದೆ.

ಲೆಸಿಥಿನ್ ಅಣುವಿಗೆ ಒಂದು ತಲೆ, ಎರಡು ಉದ್ದ ಬಾಲ. ತಲೆಗೆ ವಿದ್ಯುದಂಶವಿದೆ, ನೀರು ಮತ್ತು ಗಾಜೆಂದರೆ ಅದಕ್ಕೆ ಇಷ್ಟ. ಬಾಲಗಳು ಕೊಬ್ಬಿನ ಜಾತಿಯವು, ನೀರಿನಿಂದ ದೂರ ಸರಿಯುತ್ತವೆ. ಶುಚಿಯಾಗಿ ತೊಳೆದ ಗಾಜಿನ ಮೇಲೆ ಲೆಸಿಥಿನ್‌ನ ತೆಳು ದ್ರಾವಣ ಸವರಿ ಒಣಗಿಸಿದರೆ, ತಲೆಗಳು ಗಾಜಿಗೆ ಅಂಟಿಕೊಂಡು ಬಾಲಗಳು ಮೇಲಕ್ಕೆ ಎದ್ದು ನಿಲ್ಲುತ್ತವೆ. ಈಗ ಅದರ ಮೇಲೆ ದ್ರವ ಹರಳು ಬಿದ್ದಾಗ ಏನಾಗುತ್ತದೆಂದರೆ, ಅದರ ಕಡ್ಡಿಯಾಕಾರದ ಅಣುಗಳು ಆ ಬಾಲಗಳ ನಡುವಿನ ಸಂದಿಗೆ ತಲೆ ತೂರಿಸಿ ತಾವೂ ಎದ್ದು ನಿಲ್ಲುತ್ತವೆ. ಟ್ರೇಲರಿನಲ್ಲಿ ಮಲಗಿದ್ದ ಕಬ್ಬು ಮತ್ತೆ ಹೊಲದ ಕಬ್ಬಾದಂತೆ!

ಇನ್ನೂ ಸೊಗಸಿನ ಸಂಗತಿಯೆಂದರೆ, ಲೆಸಿಥಿನ್ನನ್ನು ಗಾಜಿಗೆ ಸವರಲೇಬೇಕೆಂದಿಲ್ಲ. ದ್ರವ ಹರಳಿನಲ್ಲೇ ಸ್ವಲ್ಪ ಕಲಸಿಬಿಟ್ಟರೂ ಆದೀತು. ಅದರ ತಲೆಗೆ ದ್ರವ ಹರಳಿನ ಒಳಗಡೆ ಹಿತವಿಲ್ಲ, ಗಾಜಿನ ಬಳಿ ಹಿತ. ಹೀಗಾಗಿ ಬೆರಕೆಯ ಅಣುಗಳು ತಾವಾಗಿ ಗಾಜಿನವರೆಗೆ ಸರಿದುಹೋಗಿ ಅಲ್ಲಿ ಬೀಡುಬಿಡುತ್ತವೆ. ಸೆಟಿಲ್ ಟ್ರೈಮೀಥೈಲ್ ಅಮೋನಿಯಂ ಬ್ರೋಮೈಡ್ ಎಂಬ ಸೋಪಿನ ಜಾತಿಯ ರಾಸಾಯನಿಕವೂ ಇದೇ ಕೆಲಸ ಮಾಡುತ್ತದೆ. ಇಂಥ ಬೆರಕೆಗೆ ಇರಬೇಕಾದ ಮುಖ್ಯ ಗುಣ ಎರಡು: ಮೇಲ್ಮೈಯನ್ನು ಹುಡುಕಿಕೊಂಡು ಹೋಗಬೇಕು, ಹೋದ ಮೇಲೆ ಅಲ್ಲಿ ಗಟ್ಟಿಯಾಗಿ ಕೂರಬೇಕು. ಪ್ರಮಾಣ ಹೆಚ್ಚಾದಷ್ಟೂ ಒಳ್ಳೆಯದು ಎಂದೇನಿಲ್ಲ. ಮೇಲ್ಮೈ ತುಂಬಿದ ಮೇಲೆ ಉಳಿದದ್ದು ದ್ರವದೊಳಗೇ ಇದ್ದು, ಅಣುಗಳ ಶಿಸ್ತನ್ನೇ ಕೆಡಿಸುತ್ತದೆ.

ಯಾವ ಮೇಲ್ಮೈಯಲ್ಲಿ ಅಣು ನಿಲ್ಲುತ್ತದೆ, ಯಾವುದರಲ್ಲಿ ಮಲಗುತ್ತದೆ ಎಂಬುದಕ್ಕೆ ಒಂದು ಹೆಬ್ಬೆರಳಿನ ನಿಯಮವೂ ಇದೆ. 1973ರಲ್ಲಿ ಕ್ರೀಗ್ ಮತ್ತು ಕ್ಮೆಟ್ಜ್ ಎಂಬ ಸಂಶೋಧಕರು ಹೇಳಿದ್ದು: ದ್ರವದ ಮೇಲ್ಮೈ ಎಳೆತಕ್ಕಿಂತ ಗೋಡೆಯ ಮೇಲ್ಮೈ ಶಕ್ತಿ ಹೆಚ್ಚಿದ್ದರೆ ದ್ರವ ಗೋಡೆಯನ್ನು ಚೆನ್ನಾಗಿ ತೋಯಿಸುತ್ತದೆ, ಅಣುಗಳು ಮಲಗುತ್ತವೆ. ಗೋಡೆಯ ಶಕ್ತಿ ಕಡಿಮೆಯಿದ್ದರೆ ಅಣುಗಳು ಗೋಡೆಗಿಂತ ತಮ್ಮ ತಮ್ಮೊಳಗಿನ ಸಂಗವನ್ನೇ ಮೆಚ್ಚಿ ಎದ್ದು ನಿಲ್ಲುತ್ತವೆ. ಶುಚಿಯಾದ ಗಾಜಿನ ಮೇಲ್ಮೈ ಶಕ್ತಿ ಹೆಚ್ಚು. ಲೆಸಿಥಿನ್ನಿನ ಜಿಡ್ಡು ಬಾಲಗಳು ಹೊದಿಸಿದ ಗಾಜಿನದು ಬಹಳ ಕಡಿಮೆ. ಈ ನಿಯಮಕ್ಕೆ ಅಪವಾದಗಳು ಬೇಕಾದಷ್ಟಿವೆ. ಆದರೂ ಮೊದಲ ಅಂದಾಜಿಗೆ ಇದು ಬಹಳ ಉಪಯೋಗಿ.

ನಿಂತ ಅಣು, ಮಲಗಿದ ಅಣು ಎಂಬ ಈ ವ್ಯತ್ಯಾಸದಿಂದ ನಮಗೇನು? ಬೆಳಕು. ಪೋಲರೈಸರ್ ಎಂಬ ಹಾಳೆಯ ಮೂಲಕ ಹಾದ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಅದರ ಮುಂದೆ ಇನ್ನೊಂದು ಪೋಲರೈಸರ್ ಹಾಳೆಯನ್ನು ಅಡ್ಡ ತಿರುಗಿಸಿ ಹಿಡಿದರೆ ಬೆಳಕು ನಿಂತುಬಿಡುತ್ತದೆ, ಕತ್ತಲೆ. ಎರಡು ಹಾಳೆಗಳ ನಡುವೆ ಅಣುಗಳು ಎದ್ದು ನಿಂತ ದ್ರವ ಹರಳು ಇಟ್ಟರೂ ಕತ್ತಲೆಯೇ. ಏಕೆಂದರೆ ಅಣುವಿನ ಉದ್ದಕ್ಕೇ ಸಾಗುವ ಬೆಳಕಿಗೆ ಏನೂ ಆಗುವುದಿಲ್ಲ. ಅಣುಗಳು ಮಲಗಿದ್ದರೆ, ಅದರಲ್ಲೂ ಓರೆಯಾಗಿ ಮಲಗಿದ್ದರೆ, ಬೆಳಕಿನ ಕಂಪನದ ದಿಕ್ಕು ಬದಲಾಗಿ ಎರಡನೆಯ ಹಾಳೆಯನ್ನೂ ದಾಟುತ್ತದೆ. ಬೆಳಕು, ಬಣ್ಣ ಎರಡೂ ಕಾಣುತ್ತವೆ.

ಮೀಟರಿನ ಅಂಕಿ ಕಪ್ಪಾಗುವುದು ಹೇಗೆ

ಮೀಟರಿನಲ್ಲೂ ಕ್ಯಾಲ್ಕ್ಯುಲೇಟರಿನಲ್ಲೂ ಇರುವ ವ್ಯವಸ್ಥೆ ಸಾಮಾನ್ಯವಾಗಿ ತಿರುಚು ನೆಮ್ಯಾಟಿಕ್ ಎಂಬುದು. ಶಾಡ್ಟ್ ಮತ್ತು ಹೆಲ್ಫ್ರಿಕ್ ಎಂಬ ಇಬ್ಬರು ಸ್ವಿಟ್ಜರ್ಲೆಂಡಿನಲ್ಲಿ 1970ರ ಕೊನೆಗೆ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಕೆಳಗಿನ ಗಾಜನ್ನು ಒಂದು ದಿಕ್ಕಿಗೆ, ಮೇಲಿನದನ್ನು ಅದಕ್ಕೆ ಅಡ್ಡವಾಗಿ ಉಜ್ಜುತ್ತಾರೆ. ನಡುವಿನ ಅಣುಗಳು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ 90 ಡಿಗ್ರಿ ತಿರುಚಿಕೊಳ್ಳುತ್ತವೆ. ಬೆಳಕೂ ಅವುಗಳ ಜೊತೆ ತಿರುಗಿ ಎರಡನೆಯ ಪೋಲರೈಸರನ್ನು ದಾಟುತ್ತದೆ. ಅದೇ ಬೂದು ಹಿನ್ನೆಲೆ. ಅಂಕಿಯ ಗೆರೆಗೆ ಕೆಲವೇ ವೋಲ್ಟ್ ಕೊಟ್ಟರೆ ಅಲ್ಲಿನ ಅಣುಗಳು ಎದ್ದು ನಿಲ್ಲುತ್ತವೆ, ತಿರುಚು ಹೋಗುತ್ತದೆ, ಬೆಳಕು ನಿಲ್ಲುತ್ತದೆ, ಗೆರೆ ಕಪ್ಪಾಗುತ್ತದೆ.

ಇಲ್ಲೊಂದು ತೊಡಕಿತ್ತು. 90 ಡಿಗ್ರಿ ತಿರುಚುವಾಗ ಅಣುಗಳು ಎಡಕ್ಕೂ ತಿರುಗಬಹುದು, ಬಲಕ್ಕೂ ತಿರುಗಬಹುದು. ಗಾಜಿಗೆ ಎರಡೂ ಒಂದೇ. ಪರದೆಯ ಒಂದು ತುಂಡಿನಲ್ಲಿ ಎಡತಿರುಚು, ಪಕ್ಕದಲ್ಲಿ ಬಲತಿರುಚು ಬಂದರೆ ನಡುವೆ ತೇಪೆ ಹಾಕಿದಂಥ ಗಡಿಗೆರೆಗಳು ಕಾಣುತ್ತವೆ. ಇದಕ್ಕೆ ಪರಿಹಾರ ಇನ್ನೊಂದು ಬೆರಕೆ. ತಾನೇ ಒಂದು ಕಡೆಗೆ ತಿರುಚಿಕೊಂಡ ಅಣುವುಳ್ಳ ವಸ್ತು, ಉದಾಹರಣೆಗೆ ಕೊಲೆಸ್ಟರಾಲಿನಿಂದ ಮಾಡಿದ ಎಸ್ಟರ್. ಇದರ ಪ್ರಮಾಣ ಸಾವಿರಕ್ಕೆ ಒಂದು ಪಾಲಿನ ಆಸುಪಾಸು ಇದ್ದರೂ ಸಾಕು, ಇಡೀ ಪರದೆ ಒಂದೇ ಕಡೆಗೆ ತಿರುಗುತ್ತದೆ. ರೈನಿಟ್ಜರ್ ಕಾಯಿಸಿದ ವಸ್ತುವಿನ ದಾಯಾದಿ ಹೀಗೆ ನೂರು ವರ್ಷದ ಮೇಲೆ ನಮ್ಮ ಮನೆಯ ಗೋಡೆಗೆ ಬಂದಿತು. ಡೇರಿಯ ಯಂತ್ರಗಳಲ್ಲಿ ಕಾಣುವ ಅಕ್ಷರಸಾಲಿನ ಪರದೆಗಳಲ್ಲಿ ಬಹಳಷ್ಟರಲ್ಲಿ ಇನ್ನೂ ಹೆಚ್ಚಿನ ತಿರುಚು, 180ರಿಂದ 270 ಡಿಗ್ರಿಯವರೆಗೆ ಇರುತ್ತದೆ. ಅಲ್ಲಿ ಈ ಬೆರಕೆಯೂ ಅಷ್ಟಕ್ಕೆ ತಕ್ಕಂತೆ ಹೆಚ್ಚು ಬೇಕು.

ಬೇಸಿಗೆಯ ಒಂದು ಅನುಭವ ಇಲ್ಲಿ ಹೇಳಬೇಕು. ಏಪ್ರಿಲ್–ಮೇ ಬಿಸಿಲಿನಲ್ಲಿ ಗೋಕಾಕದ ಬಸ್ ನಿಲ್ದಾಣದ ಹೊರಗೆ ಗಂಟೆಗಟ್ಟಲೆ ನಿಂತ ಬೈಕಿನ ಮೀಟರ್ ಪರದೆ ಕೆಲವೊಮ್ಮೆ ಪೂರಾ ಕಪ್ಪಾಗಿರುತ್ತದೆ. ಪರದೆ ಕೆಟ್ಟಿತೆಂದು ಸವಾರರು ಗಾಬರಿಯಾಗುತ್ತಾರೆ. ನೆರಳಿಗೆ ತಂದು ಸ್ವಲ್ಪ ಹೊತ್ತು ಬಿಟ್ಟರೆ ಅಂಕಿಗಳು ಮರಳುತ್ತವೆ. ಬಿಸಿಲಿಗೆ ಕಾದ ದ್ರವ ಹರಳು ತನ್ನ ಮೇಲ್ಮಿತಿ ದಾಟಿ ಸಾಮಾನ್ಯ ದ್ರವವಾಗಿ, ದಿಕ್ಕಿನ ಶಿಸ್ತನ್ನೇ ಮರೆತಿದ್ದುದು ಇದಕ್ಕೆ ಕಾರಣ. ಆಗ ಬೆಳಕನ್ನು ತಿರುಗಿಸುವವರಿಲ್ಲ. ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಗ್ರೇ ಅವರ ತಂಡ 1972ರಲ್ಲಿ ತಯಾರಿಸಿದ 5ಸಿಬಿ ಎಂಬ ಪ್ರಸಿದ್ಧ ದ್ರವ ಹರಳು ಸುಮಾರು 24ರಿಂದ 35 ಡಿಗ್ರಿಯವರೆಗೆ ಮಾತ್ರ ಆ ಸ್ಥಿತಿಯಲ್ಲಿರುತ್ತದೆ. ನಮ್ಮ ಕಡೆಯ ಬೇಸಿಗೆಯ ಮಧ್ಯಾಹ್ನಕ್ಕೆ ಅದು ಸಾಲದು. ಅದಕ್ಕೇ ನಾಲ್ಕು ವಸ್ತುಗಳನ್ನು ಕೂಡಿಸಿ ಸುಮಾರು 60 ಡಿಗ್ರಿಯವರೆಗೆ ತಾಳುವ ಇ7ನಂಥ ಮಿಶ್ರಣ ಮಾಡಿದರು. ಇಂದಿನ ಮಿಶ್ರಣಗಳು ಅದನ್ನೂ ಮೀರಿವೆ.

ಬೆಂಗಳೂರಿನ ಬಿಲ್ಲೆಗಳು

1888ರಿಂದ ಸುಮಾರು ತೊಂಬತ್ತು ವರ್ಷ ಜಗತ್ತು ಕಂಡ ದ್ರವ ಹರಳುಗಳು ಬಹುತೇಕ ಕಡ್ಡಿಯಾಕಾರದ ಅಣುಗಳವು. 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಿಂದ ಒಂದು ಸಣ್ಣ ಪ್ರಬಂಧ ಹೊರಬಂತು. ಬರೆದವರು ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್. ಪ್ರಕಟವಾದದ್ದು ವಿದೇಶದ ದೊಡ್ಡ ಪತ್ರಿಕೆಯಲ್ಲಲ್ಲ, ಬೆಂಗಳೂರಿನದೇ ಆದ 'ಪ್ರಮಾಣ'ದಲ್ಲಿ. ಬೆಂಜೀನಿನ ತಿರುಳಿಗೆ ಆರು ಬಾಹುಗಳನ್ನು ಜೋಡಿಸಿ ಮಾಡಿದ, ಬಿಲ್ಲೆಯಾಕಾರದ ಅಣುಗಳೂ ದ್ರವ ಹರಳಾಗಬಲ್ಲವು, ಅವು ಒಂದರ ಮೇಲೊಂದು ಕೂತು ಕಂಬಗಳಾಗುತ್ತವೆ ಎಂದು ಅವರು ತೋರಿಸಿದರು. ಒಂದು ಇಡೀ ಹೊಸ ವಂಶವೇ ತೆರೆದುಕೊಂಡಿತು. ಡಿಸ್ಕಾಟಿಕ್ ದ್ರವ ಹರಳು ಎಂದು ಇಂದು ಜಗತ್ತು ಕರೆಯುವುದು ಇದನ್ನೇ. ಕನ್ನಡ ನಾಡಿನ ವಿಜ್ಞಾನದ ಇತಿಹಾಸದಲ್ಲಿ ಇದಕ್ಕೆ ಸಿಗಬೇಕಾದ ಜಾಗ ಇನ್ನೂ ಸಿಕ್ಕಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಈ ಚಂದ್ರಶೇಖರ್ ಅವರನ್ನು ನೊಬೆಲ್ ಪಡೆದ ಖಗೋಳ ವಿಜ್ಞಾನಿ ಎಸ್. ಚಂದ್ರಶೇಖರ್ ಎಂದು ಹಲವರು ತಪ್ಪು ತಿಳಿಯುತ್ತಾರೆ. ಹೆಸರು ಒಂದೇ, ಇಬ್ಬರೂ ಸರ್ ಸಿ.ವಿ. ರಾಮನ್ ಅವರ ಸಂಬಂಧಿಕರು, ಆದರೆ ಇವರು ಬೇರೆ. 1930ರಲ್ಲಿ ಹುಟ್ಟಿದ ಇವರು 1961ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ ಬಂದರು. ದ್ರವ ಹರಳಿನ ಸಂಶೋಧನೆ ಈ ನಾಡಿನಲ್ಲಿ ಬೇರು ಬಿಟ್ಟದ್ದು ಅಲ್ಲಿಂದ. 1971ರಲ್ಲಿ ರಾಮನ್ ಸಂಸ್ಥೆಗೆ ಹೋಗಿ ದ್ರವ ಹರಳಿನ ಪ್ರಯೋಗಾಲಯ ಕಟ್ಟಿದರು. 1973ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ದ್ರವ ಹರಳುಗಳ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಅವರ ಗ್ರಂಥ 'ಲಿಕ್ವಿಡ್ ಕ್ರಿಸ್ಟಲ್ಸ್' ಅನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದ ಮುದ್ರಣಾಲಯ 1977ರಲ್ಲಿ ಹೊರತಂದಿತು. 1991ರಲ್ಲಿ ಜಾಲಹಳ್ಳಿಯಲ್ಲಿ ಬಿಇಎಲ್ ಒದಗಿಸಿದ ಜಾಗದಲ್ಲಿ ದ್ರವ ಹರಳು ಸಂಶೋಧನಾ ಕೇಂದ್ರ ಆರಂಭಿಸಿದರು. ಅದೇ ಇಂದು ನ್ಯಾನೋ ಮತ್ತು ಮೃದು ವಸ್ತು ವಿಜ್ಞಾನ ಕೇಂದ್ರವೆಂಬ ಹೆಸರಿನಲ್ಲಿ ನೆಲಮಂಗಲ ದಾರಿಯ ಶಿವನಪುರದಲ್ಲಿದೆ. ಚಂದ್ರಶೇಖರ್ 2004ರಲ್ಲಿ ತೀರಿಕೊಂಡರು.

ಬೆಂಗಳೂರಿನಲ್ಲಿ ಹುಟ್ಟಿದ ಬಿಲ್ಲೆಯಣುಗಳು ಮುಂದೆ ಎಲ್ಲಿಗೆ ಹೋದವು? ನಮ್ಮ ಊರುಗಳ ಕಂಪ್ಯೂಟರ್ ಅಂಗಡಿಗಳಿಗೇ ಬಂದವು. ಗುಂಡು ಹೊಟ್ಟೆಯ ಮಾನಿಟರ್ ಹೋಗಿ ಚಪ್ಪಟೆ ಮಾನಿಟರ್ ಬಂದ ಹೊಸದರಲ್ಲಿ, ಬದಿಯಿಂದ ನೋಡಿದರೆ ಬಣ್ಣ ಉಲ್ಟಾ ಕಾಣುವ ದೋಷ ಅವಕ್ಕಿತ್ತು. ವೋಲ್ಟ್ ಕೊಟ್ಟಾಗಲೂ ಗಾಜಿಗೆ ಹತ್ತಿರದ ಅಣುಗಳು ಪೂರ್ತಿ ಎದ್ದು ನಿಲ್ಲದೆ ಓರೆಯಾಗಿ ಉಳಿಯುವುದೇ ಇದಕ್ಕೆ ಕಾರಣ. ಜಪಾನಿನ ಫ್ಯೂಜಿ ಫಿಲ್ಮ್ ಕಂಪನಿ 1990ರ ದಶಕದ ನಡುವಿನಲ್ಲಿ ಇದಕ್ಕೊಂದು ಮದ್ದು ಕಂಡುಹಿಡಿಯಿತು. ಬಿಲ್ಲೆಯಾಕಾರದ ಅಣುಗಳ ಕೆಲವೇ ಮೈಕ್ರೋಮೀಟರ್ ದಪ್ಪದ ಪದರವನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಸವರಿ ಪರದೆಗೆ ಅಂಟಿಸಿದರು. ಪರದೆಯೊಳಗಿನ ಓರೆ ಅಣುಗಳು ಬೆಳಕಿಗೆ ಮಾಡಿದ ಅಂಕುಡೊಂಕನ್ನು ಈ ಬಿಲ್ಲೆಗಳು ತಿದ್ದಬೇಕು. ಅದಕ್ಕೆ ಅವೂ ಸರಿಯಾದ ಓರೆಯಲ್ಲೇ ಕೂರಬೇಕು. ಹಾಳೆಯ ಕಡೆ ಒಂದು ಕೋನ, ಗಾಳಿಯ ಕಡೆ ಬೇರೊಂದು ಕೋನ, ನಡುವೆ ಕ್ರಮವಾಗಿ ಬಾಗುವಿಕೆ.

ಹಾಳೆಯ ಕಡೆ ಉಜ್ಜಿದ ಪಾಲಿಮರ್ ಕೋನ ಕೊಟ್ಟೀತು. ಗಾಳಿಯ ಕಡೆ? ಗಾಳಿಯನ್ನು ಉಜ್ಜುವುದು ಯಾರಿಂದಲೂ ಆಗದು. ಅಲ್ಲಿ ಕೈಹಿಡಿದದ್ದು ಬೆರಕೆಯೇ. ಸವರುವ ದ್ರಾವಣದಲ್ಲಿ ಸ್ವಲ್ಪ ಪಾಲಿಮರ್ ಸೇರಿಸಿದರು. ಸೆಲ್ಯುಲೋಸಿನಿಂದ ಮಾಡಿದ ಎಸ್ಟರುಗಳು ಅಂಥವು. ಅದು ಗಾಳಿಯ ಬದಿಗೆ ಹೋಗಿ ಸೇರಿ, ಅಲ್ಲಿನ ಬಿಲ್ಲೆಗಳು ಎಷ್ಟು ಓರೆಯಾಗಬೇಕೆಂಬುದನ್ನು ನಿರ್ಧರಿಸುತ್ತದೆ. ಆಮೇಲೆ ಅತಿನೇರಳೆ ಬೆಳಕು ಬಿಟ್ಟು ಬಿಲ್ಲೆಗಳನ್ನು ಪರಸ್ಪರ ಬೆಸೆದು, ಆ ಭಂಗಿಯನ್ನು ಶಾಶ್ವತಗೊಳಿಸುತ್ತಾರೆ. ವಸ್ತುವಿನ ವಂಶ ಬೆಂಗಳೂರಿನದು, ಅದಕ್ಕೆ ಶಿಸ್ತು ಕಲಿಸಿದ್ದು ಬೆರಕೆ, ಲಾಭ ಮಾಡಿದ್ದು ಜಪಾನ್. ಈ ಮೂರನೆಯ ಮಾತು ನಮ್ಮ ಉದ್ಯಮ ನೀತಿ ಮಾಡುವವರು ಓದಬೇಕಾದದ್ದು.

ನಿಂತ ಅಣು, ಮಲಗಿದ ಅಣು ಎರಡನ್ನೂ ಒಂದೇ ಸಂದಿಯಲ್ಲಿ ಇಡುವ ವಿದ್ಯೆಗೂ ಬೆಂಗಳೂರಿನ ನಂಟಿದೆ. ಒಂದು ಗಾಜಿನ ಬಳಿ ಅಣುಗಳು ಮಲಗಿ, ಎದುರಿನ ಗಾಜಿನ ಬಳಿ ಎದ್ದು ನಿಂತರೆ ನಡುವಿನ ಅಣುಗಳು ಬಾಗಲೇಬೇಕು. ಹೀಗೆ ಬಾಗಿದಾಗ ಅವುಗಳಲ್ಲಿ ವಿದ್ಯುತ್ ಧ್ರುವೀಕರಣ ಹುಟ್ಟುತ್ತದೆ. ಅದನ್ನು ಬೆಳಕಿನ ಮೂಲಕ ಅಳೆಯುವ ದಾರಿಯನ್ನು ರಾಮನ್ ಸಂಸ್ಥೆಯ ಎನ್.ವಿ. ಮಧುಸೂದನ ಅವರು ಫ್ರಾನ್ಸಿನ ಜಾರ್ಜ್ ಡ್ಯುರಾಂ ಜೊತೆಗೂಡಿ 1985ರಲ್ಲಿ ತೋರಿಸಿದರು. ಮೇಲ್ಮೈಯ ಮೇಲೆ ಹಿಡಿತವಿಲ್ಲದಿದ್ದರೆ ಇಂಥ ಪ್ರಯೋಗವನ್ನು ಆರಂಭಿಸುವುದೂ ಸಾಧ್ಯವಿಲ್ಲ.

ಬೆಳಕಿಗೆ ಬಾಗುವ ಬೆರಕೆ, ಟಿವಿಯೊಳಗಿನ ಬೆರಕೆ

1988ರಲ್ಲಿ ಜಪಾನಿನ ಕುನಿಹಿರೊ ಇಚಿಮುರ ಮತ್ತು ಸಂಗಡಿಗರು ಗಾಜಿಗೆ ಅಜೋಬೆಂಜೀನ್ ಅಣುಗಳ ಒಂದೇ ಒಂದು ಪದರ ಕೂರಿಸಿದರು. ಈ ಅಣು ಅತಿನೇರಳೆ ಬೆಳಕು ಬಿದ್ದರೆ ನೆಟ್ಟಗಿದ್ದದ್ದು ಮಡಚಿಕೊಳ್ಳುತ್ತದೆ, ಸಾಮಾನ್ಯ ಬೆಳಕಿಗೆ ಮತ್ತೆ ನೆಟ್ಟಗಾಗುತ್ತದೆ. ಅದು ಮಡಚಿಕೊಂಡಾಗ ಮೇಲಿನ ದ್ರವ ಹರಳೆಲ್ಲ ಮಲಗಿತು. ನೆಟ್ಟಗಾದಾಗ ಎಲ್ಲವೂ ಎದ್ದು ನಿಂತಿತು. ಅವರು ಇದಕ್ಕೆ ಆಜ್ಞಾ ಮೇಲ್ಮೈ ಎಂಬರ್ಥದ ಹೆಸರಿಟ್ಟರು. ಇಂಥ ಅಣುಗಳನ್ನು ದ್ರವ ಹರಳಿನಲ್ಲೇ ಬೆರೆಸುವ ಕೆಲಸವೂ ಆಗಿದೆ.

ದೊಡ್ಡ ಟಿವಿಗಳ ಮಾತು ಬೇರೆ. ಬಹಳಷ್ಟು ಟಿವಿಗಳಲ್ಲಿ ಅಣುಗಳು ಕರೆಂಟ್ ಇಲ್ಲದಾಗ ನಿಂತೇ ಇರುತ್ತವೆ, ಹಾಗಾಗಿ ಕಪ್ಪು ಗಾಢವಾಗಿ ಬರುತ್ತದೆ. ಕರೆಂಟ್ ಕೊಟ್ಟಾಗ ಅವು ಯಾವ ಕಡೆ ವಾಲಬೇಕು ಎಂಬುದಕ್ಕೆ ಮೊದಲೇ ಒಂದು ಸಣ್ಣ ಸೂಚನೆ ಬೇಕು. ಅದಕ್ಕೆ ದ್ರವ ಹರಳಿನಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ ಪಾಲು ಮಾನೋಮರ್, ಅಂದರೆ ಕೂಡಿಕೊಂಡು ಪಾಲಿಮರ್ ಆಗುವ ಬಿಡಿ ಅಣು, ಬೆರೆಸುತ್ತಾರೆ. ಪರದೆ ಸಿದ್ಧವಾದ ಮೇಲೆ ವೋಲ್ಟ್ ಕೊಟ್ಟು ಅಣುಗಳನ್ನು ಬೇಕಾದ ಕಡೆ ವಾಲಿಸಿ, ಅತಿನೇರಳೆ ಬೆಳಕು ಬಿಡುತ್ತಾರೆ. ಮಾನೋಮರ್ ಗಾಜಿಗೆ ಹೋಗಿ ಗಟ್ಟಿಯಾಗಿ, ಆ ಓರೆಯನ್ನು ನೆನಪಿಟ್ಟುಕೊಳ್ಳುತ್ತದೆ. ಪಾಲಿಇಮೈಡ್ ಲೇಪವನ್ನೇ ಬಿಟ್ಟು, ಬೆರಕೆಯಿಂದಲೇ ಅಣುಗಳನ್ನು ನಿಲ್ಲಿಸುವ ಮಿಶ್ರಣಗಳನ್ನು ಜರ್ಮನಿಯ ಮರ್ಕ್ ಕಂಪನಿ ಮಾಡಿದೆ. ಇಷ್ಟೆಲ್ಲ ಆದ ಮೇಲೆ ನಮ್ಮ ಸೋಯಾ ಲೆಸಿಥಿನ್ ಕಾರ್ಖಾನೆಯಲ್ಲಿ ನಡೆಯುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಬಿಸಿ, ತೇವ, ವರ್ಷಗಟ್ಟಲೆ ಬಳಕೆ ಇವನ್ನು ಅದು ತಾಳದು. ಅದರ ಜಾಗ ಪ್ರಯೋಗಾಲಯ.

ಪ್ರಯೋಗಾಲಯದಲ್ಲಿ ಅದರ ಬೆಲೆ ದೊಡ್ಡದು. ಅಮೆರಿಕದ ನಿಕೊಲಸ್ ಅಬಟ್ ಅವರ ತಂಡ ಇದೇ ತತ್ವವನ್ನು ತಿರುಗಿಸಿ ಹಿಡಿಯಿತು: ಅಣುಗಳ ಭಂಗಿ ಬದಲಾದರೆ ಮೇಲ್ಮೈಗೆ ಏನೋ ಬಂದು ಸೇರಿದೆ ಎಂದರ್ಥ. ನೀರಿನ ಜೊತೆ ತಾಗಿದ 5ಸಿಬಿಯ ಅಣುಗಳು ಮಲಗಿರುತ್ತವೆ, ಬೆಳಕು ಕಾಣುತ್ತದೆ. ನೀರಿಗೆ ಸೋಪಿನ ಅಂಶ ಬಂದರೆ ಅವು ಎದ್ದು ನಿಂತು ಕತ್ತಲಾಗುತ್ತದೆ. 2003ರ ಅವರ ಪ್ರಬಂಧವೊಂದರಲ್ಲಿ ನೀರು ಮತ್ತು ದ್ರವ ಹರಳಿನ ನಡುವೆ ಫಾಸ್ಫೋಲಿಪಿಡ್ ಪದರ ಕೂರಿಸಿ, ಹಾವಿನ ವಿಷದಲ್ಲೂ ಸಿಗುವ ಫಾಸ್ಫೋಲಿಪೇಸ್ ಎಂಬ ಜಾತಿಯ ಕಿಣ್ವ ಆ ಪದರದ ಮೇಲೆ ಕೆಲಸ ಮಾಡುವುದನ್ನು ಬರಿ ಬೆಳಕಿನಲ್ಲೇ ನೋಡಿದರು. ಹಾಲಿಗೆ ಸೋಪಿನ ಪುಡಿ ಬೆರೆಸಿದ್ದನ್ನು ಇದರಿಂದಲೇ ಹಿಡಿಯಬಹುದಲ್ಲ ಎಂದು ಮೂಡಲಗಿಯ ಡೇರಿ ಕಾರ್ಯದರ್ಶಿಗಳಿಗೆ ಅನ್ನಿಸಿದರೆ ಅದು ಸಹಜ. ಆದರೆ ಹಾಲಿನಲ್ಲೇ ಫಾಸ್ಫೋಲಿಪಿಡ್ ಇದೆ, ಪ್ರೋಟೀನ್ ಇದೆ. ಅವೂ ಮೇಲ್ಮೈಗೆ ಓಡುತ್ತವೆ. ಅವನ್ನು ಮೊದಲು ಬೇರ್ಪಡಿಸದೆ ಒಂದು ಹನಿ ಹಾಲು ಹಾಕಿ ತೀರ್ಪು ಹೇಳಲಾಗದು.

ಗೋಕಾಕ, ಮೂಡಲಗಿ, ಹುಕ್ಕೇರಿ, ಸಂಕೇಶ್ವರದ ಪದವಿ ಕಾಲೇಜುಗಳ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದ ಗುರುಗಳಲ್ಲಿ ನನ್ನದೊಂದು ಬಿನ್ನಹ. ಈ ಪ್ರಯೋಗಕ್ಕೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಕೆಟ್ಟ ಕ್ಯಾಲ್ಕ್ಯುಲೇಟರುಗಳ ಗಾಜಿನಿಂದ ಪೋಲರೈಸರ್ ಹಾಳೆಗಳನ್ನು ನಿಧಾನವಾಗಿ ಬಿಡಿಸಿಕೊಳ್ಳಿ. ಗಾಜು ಒಡೆದರೆ ಒಳಗಿನ ದ್ರವ ಕೈಗೆ ತಾಗದಂತೆ ಕೈಗವಸು ಇರಲಿ. ರಾಸಾಯನಿಕ ಮಾರುವವರಿಂದ ಒಂದೆರಡು ಗ್ರಾಂ 5ಸಿಬಿ ತರಿಸಿ, ಒಂದು ತರಗತಿಗೆ ಕೆಲವು ಹನಿ ಸಾಕು. ಎರಡು ಗಾಜಿನ ಸ್ಲೈಡುಗಳನ್ನು ಚೆನ್ನಾಗಿ ತೊಳೆದು ಒಣಗಿಸಿ. ಆಲ್ಕೋಹಾಲಿನಲ್ಲಿ ತೆಳುವಾಗಿ ಕರಗಿಸಿದ ಸೋಯಾ ಲೆಸಿಥಿನ್ನನ್ನು ಎರಡರ ಅರ್ಧ ಭಾಗಕ್ಕೆ ಮಾತ್ರ ಸವರಿ, ಒಣಗಲು ಬಿಡಿ. ಸವರಿದ ಭಾಗ ಸವರಿದ ಭಾಗಕ್ಕೆ ಎದುರಾಗುವಂತೆ, ನಡುವೆ ಒಂದು ಹನಿ 5ಸಿಬಿ ಇಟ್ಟು ಮುಚ್ಚಿ, ಅಡ್ಡ ಹಿಡಿದ ಎರಡು ಪೋಲರೈಸರ್ ಹಾಳೆಗಳ ನಡುವೆ ಸೂಕ್ಷ್ಮದರ್ಶಕದಡಿ ನೋಡಿ. ಬರಿ ಗಾಜಿನ ಅರ್ಧದಲ್ಲಿ ಬಣ್ಣದ ನಡುವೆ ಕಪ್ಪು ಎಳೆಗಳು ಓಡಾಡುತ್ತವೆ. ಲೆಸಿಥಿನ್ ಇರುವ ಅರ್ಧ ಕಪ್ಪಾಗಿರುತ್ತದೆ. ಆ ಕಪ್ಪಿನ ಮೇಲೆ ಪೆನ್ಸಿಲಿನ ತುದಿಯಿಂದ ಮೆಲ್ಲಗೆ ಒತ್ತಿದರೆ ನಿಂತ ಅಣುಗಳು ವಾಲಿ ಬೆಳಕು ಮಿನುಗುತ್ತದೆ, ಬಿಟ್ಟರೆ ಮತ್ತೆ ಕಪ್ಪಾಗುತ್ತದೆ. ವಿದ್ಯಾರ್ಥಿಗಳು ಸರದಿಯಲ್ಲಿ ಬಂದು ಇದನ್ನು ತಾವೇ ಒತ್ತಿ ನೋಡಲಿ.

ಬೇಸಿಗೆಯಲ್ಲಿ ಮಾತ್ರ ಬೇಡ. ಕೋಣೆಯ ಉಷ್ಣತೆ 35 ಡಿಗ್ರಿ ದಾಟಿದರೆ ಎರಡೂ ಭಾಗ ಕಪ್ಪಾಗಿ ಕೂರುತ್ತವೆ. ಜುಲೈಯಿಂದ ಫೆಬ್ರುವರಿಯವರೆಗಿನ ದಿನಗಳು ಇದಕ್ಕೆ ಸರಿ. ಚಳಿಯ ಬೆಳಗಿನಲ್ಲಿ ಹನಿ ಗಟ್ಟಿಯಾದರೆ ಸ್ಲೈಡನ್ನು ಸ್ವಲ್ಪ ಹೊತ್ತು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿದರೆ ಸಾಕು.